ಸೈಕಲ್‌ನ ಸದ್ದು: ಪತ್ತೆ ಮತ್ತು ದುರಸ್ತಿ

ಪೆಡಲ್ ಮೇಲೆ ಬಿದ್ದ ತುಳಿತ ಹಿಂದಿನ ಗಾಲಿಗೆ ತಲುಪುವ ದಾರಿಯಲ್ಲಿ ಪೆಡಲ್, ಕ್ರ್ಯಾಂಕ್, ಕಾಟರ್ ಪಿನ್, ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಅಚ್ಚು ಮತ್ತದರ ಕಪ್ಪುಗಳು, ಚೈನ್ ಚಕ್ರ, ಚೈನು, ಫ್ರೀವೀಲ್, ಹಿಂದಿನ ಹಬ್ ಇವೆ. ಈ ಭಾಗಗಳು ಹೊರಡಿಸಬಾರದ ಸದ್ದು ಹೊರಡಿಸಿದಾಗ ಅದನ್ನು ಗುರುತಿಸುವ ಮತ್ತು ಸರಿಪಡಿಸುವ ಕ್ರಮವನ್ನು ಈ ಲೇಖನ ವಿವರಿಸುತ್ತದೆ. ಸುಸ್ಥಿತಿಯ ಸೈಕಲ್ ತುಳಿಯುವಾಗ ಹೆಚ್ಚುಕಡಿಮೆ ಮೌನವಾಗಿರುತ್ತದೆ, ತುಳಿಯದೆ ಬಿಟ್ಟಾಗ ಫ್ರೀವೀಲ್ ಟಿಕಟಿಕ ಎನ್ನುತ್ತದೆ. ಅದಕ್ಕಿಂತ ಹೆಚ್ಚಿನದೇನು ಕೇಳಿಬಂದರೂ ಯಾವುದೋ ಒಂದು ಭಾಗ ಸವೆಯುತ್ತಿದೆ, ಸಡಿಲವಾಗಿದೆ ಅಥವಾ ಒಣಗಿದೆ ಎಂದೇ ಅರ್ಥ.

ಇಲ್ಲಿನ ವಿವರಣೆ ಬಾಗಲಕೋಟೆ ಜಿಲ್ಲೆಯ ಮಲಪ್ರಭಾ ಕಣಿವೆಯನ್ನು ಮುಖ್ಯವಾಗಿ ಕಣ್ಣೆದುರು ಇಟ್ಟುಕೊಂಡಿದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಶಿವಯೋಗ ಮಂದಿರ, ಅದರ ಸುತ್ತಲಿನ ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಆಚೆಗೆ ಹುನಗುಂದ ಮತ್ತು ಇಳಕಲ್ ಈ ಸೀಮೆಗೆ ಸೇರುತ್ತವೆ. ಒಂದೇ ಬಗೆಯ ಸೈಕಲ್ಲೂ ಕರಾವಳಿಯಲ್ಲಿ ಒಂದು ರೀತಿ ಕೆಡುತ್ತದೆ, ಇಲ್ಲಿ ಇನ್ನೊಂದು ರೀತಿ ಕೆಡುತ್ತದೆ. ಅಲ್ಲಿ ತುಕ್ಕು ವೈರಿಯಾದರೆ ಇಲ್ಲಿ ಮರಳು.

ನೆಲ ಮತ್ತು ಧೂಳು

ಬಾದಾಮಿಯ ಗುಡ್ಡಗಳು ಮರಳುಗಲ್ಲಿನವು. ಗುಹಾಲಯಗಳನ್ನು ಕೊರೆಯಲು ಚಾಲುಕ್ಯರ ಶಿಲ್ಪಿಗಳಿಗೆ ಒದಗಿದ ಈ ಕಲ್ಲು ಕರಗಿ ಉದುರಿದಾಗ ಉಳಿಯುವುದು ಬಹುತೇಕ ಸ್ಫಟಿಕ ಶಿಲೆಯ, ಅಂದರೆ ಕ್ವಾರ್ಟ್ಜ್‌ನ ಕಣ. ಮೋಸ್ ಗಡಸುತನದ ಮಾಪಕದಲ್ಲಿ ಕ್ವಾರ್ಟ್ಜ್‌ನ ಸ್ಥಾನ 7. ಸಾಧಾರಣ ಉಕ್ಕಿನ ಮೈಯನ್ನು ಗೀರಲು ಅಷ್ಟು ಸಾಕು. ಇಳಕಲ್ ಕಡೆ ಕೆಂಪು ಗ್ರಾನೈಟ್ ಗಣಿಗಳ ಪುಡಿಯಲ್ಲೂ ಇದೇ ಖನಿಜವಿದೆ. ಹುನಗುಂದದ ಎರೆಭೂಮಿಯ ಕಥೆ ಬೇರೆ. ಒಣಗಿದಾಗ ಆ ಮಣ್ಣು ನುಣುಪು ಧೂಳು, ಮಳೆ ಬಿದ್ದರೆ ಅಂಟು. ಟಾಯರ್‌ಗೂ ಮಡ್‌ಗಾರ್ಡ್‌ಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ತಿರುಗಗೊಡುವುದಿಲ್ಲ. ಆಗ ಬರುವ ಉಜ್ಜಾಟದ ಸದ್ದಿಗೆ ಚೈನು ಹೊಣೆಯಲ್ಲ. ಸೈಕಲ್ ನಿಲ್ಲಿಸಿ ಕಡ್ಡಿಯಿಂದ ಮಣ್ಣು ಕೆದಕಿ ತೆಗೆಯುವುದೊಂದೇ ದಾರಿ.

ವರ್ಷದ ಬಹುಭಾಗ ಒಣಹವೆಯಿರುವ ಈ ಸೀಮೆಯಲ್ಲಿ ಚೈನು ಸದ್ದು ಮಾಡಿದೊಡನೆ ಮೇಲಿಂದ ಎಣ್ಣೆ ಸುರಿಯುವುದು ರೂಢಿ. ಸದ್ದು ಕೂಡಲೇ ನಿಲ್ಲುತ್ತದೆ. ಆದರೆ ಹೊರಮೈ ಮೇಲಿನ ಎಣ್ಣೆ ಮರಳನ್ನು ಹಿಡಿದಿಟ್ಟು, ಗ್ಯಾರೇಜಿನವರು ಎಂಜಿನ್ ವಾಲ್ವ್ ತಿಕ್ಕಲು ಬಳಸುವ ಪೇಸ್ಟಿನಂತೆಯೇ ಕೆಲಸ ಮಾಡತೊಡಗುತ್ತದೆ. ಒಣ ಚೈನು ಕಿರುಗುಟ್ಟಿ ತನ್ನ ಅವಸ್ಥೆ ಹೇಳಿಕೊಳ್ಳುತ್ತದೆ. ಎಣ್ಣೆ-ಮರಳು ಕೂಡಿದ ಚೈನು ಸದ್ದಿಲ್ಲದೆ ಸವೆಯುತ್ತದೆ. ಸದ್ದು ಅಡಗಿಸುವುದೂ ದುರಸ್ತಿ ಮಾಡುವುದೂ ಒಂದೇ ಅಲ್ಲ ಎಂಬುದು ಈ ವಿಷಯದಲ್ಲಿ ಮೊದಲು ಗಮನಿಸಬೇಕಾದದ್ದು.

ಸಾಧನದ ಹಿನ್ನೆಲೆ

ಸೈಕಲ್‌ಗೆ ಇಂದಿನ ರೂಪ ಬಂದದ್ದು 1885ರಲ್ಲಿ, ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯ ರೋವರ್‌ನಿಂದ. ಅದಕ್ಕೂ ಮುನ್ನ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಹ್ಯಾನ್ಸ್ ರೆನಾಲ್ಡ್ ಬುಷ್ ಮತ್ತು ರೋಲರ್ ಇರುವ ಚೈನಿಗೆ ಪೇಟೆಂಟ್ ಪಡೆದಿದ್ದ. ಹಿಂಗಾಲಿಗೆ ಚೈನಿನಿಂದ ಬಲ ಒದಗಿಸುವ ವಿನ್ಯಾಸಕ್ಕೆ ಗಟ್ಟಿ ಬುನಾದಿಯಾದದ್ದು ಇದೇ. ಭಾರತದಲ್ಲಿ ಮದ್ರಾಸಿನ ಟಿ.ಐ. ಸೈಕಲ್ಸ್ (1949), ಸೋನಿಪತ್‌ನ ಅಟ್ಲಾಸ್ (1951), ಲೂಧಿಯಾನದ ಹೀರೋ (1956) ಕಂಪನಿಗಳು ಕಪ್ಪು ಬಣ್ಣದ, ಉದ್ದ ಹ್ಯಾಂಡಲ್‌ನ, 28 ಇಂಚು ಗಾಲಿಯ ಗಟ್ಟಿ ಸೈಕಲ್ಲನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವು. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ, ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ನೀಡುವ ಯೋಜನೆಯಿಂದ ಒಂದು ಇಡೀ ಪೀಳಿಗೆಯ ಮಕ್ಕಳ ಕೈಗೆ, ಅದರಲ್ಲೂ ಹೆಣ್ಣುಮಕ್ಕಳ ಕೈಗೆ, ಸ್ವಂತ ಸೈಕಲ್ ಬಂತು. ದುರಸ್ತಿಯ ತಿಳಿವಳಿಕೆ ಮಾತ್ರ ಆ ವೇಗದಲ್ಲಿ ಹರಡಲಿಲ್ಲ.

ಎಣಿಕೆಯಿಂದ ಪತ್ತೆ

ಕಟಕಟ, ಕಿರಕಿರ, ಗರಗರ ಎಂದು ಸದ್ದನ್ನು ಬಣ್ಣಿಸುವುದು ಸುಲಭ. ಅದರಿಂದ ಅರ್ಧ ಸುಳಿವು ಮಾತ್ರ ಸಿಗುತ್ತದೆ. ಸೈಕಲ್ಲಿನ ಚೌಕಟ್ಟು ಟೊಳ್ಳು ಕೊಳವೆಗಳದ್ದು. ಹಿಂದಿನ ಹಬ್ಬಿನಲ್ಲಿ ಹುಟ್ಟಿದ ಸದ್ದು ಪೆಡಲ್ ಬಳಿ ಕೇಳಿಸಬಹುದು, ಸೀಟಿನ ಸ್ಪ್ರಿಂಗಿನ ಕಿರುಗು ಬಿ.ಬಿ.ಯದ್ದೆಂದು ತೋರಬಹುದು. ಕಿವಿ ದಿಕ್ಕನ್ನು ತಪ್ಪಿಸಿ ಹೇಳಿದರೂ ಲೆಕ್ಕ ತಪ್ಪಿಸುವುದಿಲ್ಲ. ಸದ್ದು ಯಾವುದರ ಎಷ್ಟು ಸುತ್ತಿಗೆ ಒಮ್ಮೆ ಬರುತ್ತದೆ ಎಂದು ಎಣಿಸಿದರೆ ಅದು ಯಾವ ಭಾಗದ್ದೆಂಬುದು ತಾನಾಗಿ ಹೊರಬೀಳುತ್ತದೆ.

ಹಳೆಯ ಮಾದರಿಯ ಸೈಕಲ್ಲಿನಲ್ಲಿ ಮುಂದಿನ ಚೈನ್ ಚಕ್ರಕ್ಕೆ 44, ಹಿಂದಿನ ಫ್ರೀವೀಲ್‌ಗೆ 18 ಹಲ್ಲುಗಳಿವೆ ಎಂದುಕೊಳ್ಳೋಣ. ಪೆಡಲ್ ಒಂದು ಸುತ್ತು ಬಂದರೆ ಹಿಂಗಾಲಿ 2.44 ಸುತ್ತು ತಿರುಗುತ್ತದೆ, ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಚೈನಿಗೆ 100 ಕೊಂಡಿಗಳಿದ್ದರೆ ಅದು ಪೂರ್ತಿ ಒಂದು ಸುತ್ತು ಹಾಕಲು ಪೆಡಲ್ ಎರಡೂಕಾಲಕ್ಕಿಂತ ತುಸು ಹೆಚ್ಚು ತಿರುಗಬೇಕು. ಆದ್ದರಿಂದ ಪ್ರತಿ ಪೆಡಲ್ ಸುತ್ತಿಗೂ ಒಂದೇ ಜಾಗದಲ್ಲಿ ಬರುವ ಸದ್ದು ಪೆಡಲ್, ಕ್ರ್ಯಾಂಕ್, ಕಾಟರ್ ಅಥವಾ ಚೈನ್ ಚಕ್ರದ್ದು. ಎರಡು ಸುತ್ತು ಬಿಟ್ಟು, ಪ್ರತಿ ಸಲವೂ ಕಾಲಿನ ಬೇರೆ ಬೇರೆ ಸ್ಥಾನದಲ್ಲಿ ಬರುವ ಸದ್ದು ಚೈನಿನ ಯಾವುದೋ ಒಂದು ಕೊಂಡಿಯದು. ಒಂದು ಪೆಡಲ್ ಸುತ್ತಿನಲ್ಲಿ ಎರಡು-ಮೂರು ಸಲ ಬಂದರೆ ಫ್ರೀವೀಲ್ ಇಲ್ಲವೇ ಹಿಂಗಾಲಿಯನ್ನು ನೋಡಬೇಕು. ಯಾವ ಲೆಕ್ಕಕ್ಕೂ ಸಿಗದೆ ಆಗೊಮ್ಮೆ ಈಗೊಮ್ಮೆ ನುರಿದಂತೆ ಕೇಳುವುದು ಒಡೆದ ಬಾಲ್ಸ್‌ನ ಲಕ್ಷಣ. ಅಚ್ಚು ಒಂದು ಸುತ್ತು ಬರುವಷ್ಟರಲ್ಲಿ ಕಪ್ಪಿನೊಳಗಿನ ಗುಂಡುಗಳು ಅರ್ಧ ಸುತ್ತೂ ಬಂದಿರುವುದಿಲ್ಲ, ಹಾಗಾಗಿ ಅವುಗಳ ಲಯ ಯಾವುದಕ್ಕೂ ಹೊಂದುವುದಿಲ್ಲ.

ಎಣಿಸುವ ಮೊದಲು ಒಂದೆರಡು ಪರೀಕ್ಷೆ ಮಾಡಬೇಕು. ವೇಗ ಹಿಡಿದು ತುಳಿಯುವುದನ್ನು ನಿಲ್ಲಿಸಿದಾಗ ಸದ್ದೂ ನಿಂತರೆ ದೋಷ ಚಾಲನೆಯ ಭಾಗಗಳಲ್ಲಿದೆ. ನಿಲ್ಲದಿದ್ದರೆ ಗಾಲಿಯ ಕೋನು, ಬ್ರೇಕಿನ ರಬ್ಬರು, ಡೈನಮೋ, ಮಡ್‌ಗಾರ್ಡಿನ ಕಡ್ಡಿ ಇವುಗಳ ಕಡೆ ಹೊರಳಬೇಕು. ಸೀಟಿನಿಂದ ಎದ್ದು ತುಳಿದಾಗ ಮಾಯವಾಗುವ ಕಿರುಗು ಸೀಟಿನದೇ. ನಿಲ್ಲಿಸಿದ ಸೈಕಲ್ಲಿನ ಪೆಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದರೆ ಚೈನ್ ಕವರಿಗೆ ಕ್ರ್ಯಾಂಕ್ ತಾಗುತ್ತಿದೆಯೇ ಎಂಬುದು ತಿಳಿಯುತ್ತದೆ. ಇದು ಸಣ್ಣ ವಿಷಯವಲ್ಲ. ಇಡೀ ಚೈನನ್ನು ಮುಚ್ಚುವ ತಗಡಿನ ಕವರುಳ್ಳ ಸೈಕಲ್‌ಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಆ ತಗಡನ್ನೇ. ಒಂದು ಸ್ಕ್ರೂ ಬಿದ್ದುಹೋಗಿ, ಕವರು ಒಳಕ್ಕೆ ಬಾಗಿ, ಚೈನಿಗೆ ಉಜ್ಜುತ್ತಿರುತ್ತದೆ. ಕೈಯಿಂದ ಎಳೆದು ನೇರ ಮಾಡಿ ಬೋಲ್ಟ್ ಬಿಗಿದರೆ ಮುಗಿಯಿತು. ಬಿ.ಬಿ. ಬಿಚ್ಚಿಸಿಕೊಂಡು ಹಣ ತೆತ್ತ ಮೇಲೆ ಈ ಬೋಲ್ಟ್ ಕಣ್ಣಿಗೆ ಬಿದ್ದರೆ ದುಃಖ.

ಕಾಟರ್ ಪಿನ್

ಹಳೆಯ ಮಾದರಿಯಲ್ಲಿ ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿಡುವುದು ಒಂದು ಕಡೆ ಇಳಿಜಾರಾಗಿ ಅರ ಹಾಕಿದ ಕಾಟರ್ ಪಿನ್. ಅದರ ಚಪ್ಪಟೆ ಮೈ ಅಚ್ಚಿನ ಚಪ್ಪಟೆ ಮೈಗೆ ಬೆಣೆಯಂತೆ ಕಚ್ಚಿ ಕೂರುತ್ತದೆ. ಕಚ್ಚು ಸಡಿಲಾದರೆ ಪೆಡಲ್ ಮೇಲೆ ಹೋಗಿ ಕೆಳಗಿಳಿಯತೊಡಗಿದಾಗ ಕಾಲಿಗೆ ಒಂದು ಜೋಲು, ಜೊತೆಗೆ ಕಟಕ್ ಎಂಬ ಸದ್ದು. ಮೆಟ್ಟಿದ ಬಲದ ದಿಕ್ಕು ಬದಲಾಗುವ ಪ್ರತಿ ಸಲವೂ ಇದು ಬರುತ್ತದೆ. ಖಚಿತಪಡಿಸಿಕೊಳ್ಳಲು ಎರಡೂ ಕ್ರ್ಯಾಂಕ್‌ಗಳನ್ನು ನೆಲಕ್ಕೆ ಸಮಾನಾಂತರವಾಗಿ ಇಟ್ಟು ಎರಡೂ ಪೆಡಲ್‌ಗಳನ್ನು ಒಟ್ಟಿಗೆ ಕೆಳಕ್ಕೆ ಒತ್ತಬೇಕು. ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಬೇಕು. ಸಡಿಲಿದ್ದ ಕಡೆ ಕ್ರ್ಯಾಂಕ್ ಕೂದಲೆಳೆಯಷ್ಟಾದರೂ ಕದಲುತ್ತದೆ.

ಹೆಚ್ಚಿನವರು ಪಾನಾ ತೆಗೆದುಕೊಂಡು ಕಾಟರಿನ ನಟ್ಟನ್ನು ಬಿಗಿಯುತ್ತಾರೆ. ಅದು ತಪ್ಪು ಕ್ರಮ. ನಟ್ಟಿನ ಕೆಲಸ ಕೂತ ಪಿನ್ನನ್ನು ಜಾರದಂತೆ ಹಿಡಿಯುವುದು. ಪಿನ್ನನ್ನು ಕೂರಿಸುವುದು ಸುತ್ತಿಗೆಯ ಕೆಲಸ. ಕ್ರ್ಯಾಂಕಿನ ಕೆಳಗೆ ಗಟ್ಟಿ ಆಸರೆ ಕೊಟ್ಟು, ಕಾಟರಿನ ದಪ್ಪ ತುದಿಗೆ ಒಂದೆರಡು ಪೆಟ್ಟು ಹಾಕಿ, ಆಮೇಲೆ ನಟ್ಟು ಬಿಗಿಯಬೇಕು. ಆಸರೆ ಇಲ್ಲದೆ ಹೊಡೆದರೆ ಆ ಪೆಟ್ಟೆಲ್ಲ ಅಚ್ಚಿನ ಮೂಲಕ ಬಾಲ್ಸ್ ಮತ್ತು ಕಪ್ಪಿಗೆ ಬಿದ್ದು ಗುಳಿ ಮೂಡುತ್ತದೆ. ಒಂದು ಸದ್ದು ಕಳೆಯಲು ಹೋಗಿ ಇನ್ನೊಂದನ್ನು ತಂದುಕೊಂಡಂತಾಗುತ್ತದೆ. ಹೊಸ ಕಾಟರ್ ಹಾಕುವಾಗ ಅದರ ಚಪ್ಪಟೆ ಮೈಯನ್ನು ಅರದಿಂದ ತಿಕ್ಕಿ ಹೊಂದಿಸಬೇಕಾಗುತ್ತದೆ. ಎರಡು ಪಿನ್ನುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಹಾಕಿದರೆ ಮಾತ್ರ ಕ್ರ್ಯಾಂಕ್‌ಗಳು ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಸ್ವಲ್ಪ ದೂರ ಓಡಿಸಿದ ಮೇಲೆ ಪಿನ್ನು ಇನ್ನಷ್ಟು ಕೂರುವುದರಿಂದ ಮತ್ತೊಮ್ಮೆ ಹೊಡೆದು ಬಿಗಿಯಲೇಬೇಕು. ಹೊಸ ಸೈಕಲ್ ಕೊಂಡ ಮೊದಲ ವಾರದಲ್ಲೇ ಕಟಕಟ ಶುರುವಾಗುವುದಕ್ಕೆ ಈ ಎರಡನೆಯ ಬಿಗಿತ ಬಿಟ್ಟುಹೋಗಿರುವುದೇ ಸಾಮಾನ್ಯ ಕಾರಣ. ಸಡಿಲ ಕಾಟರಿನಲ್ಲೇ ತಿಂಗಳುಗಟ್ಟಲೆ ತುಳಿದರೆ ಅಚ್ಚಿನ ಚಪ್ಪಟೆ ಮೈ ದುಂಡಗಾಗಿ ಅಚ್ಚನ್ನೇ ಬದಲಿಸಬೇಕಾಗುತ್ತದೆ.

ಬಿ.ಬಿ. ಮತ್ತು ಪೆಡಲ್

ಬಿ.ಬಿ. ಇರುವುದು ಚೌಕಟ್ಟಿನ ಅತಿ ತಗ್ಗಿನ ಜಾಗದಲ್ಲಿ. ಸೀಟಿನ ಕೊಳವೆಯಿಂದ ಇಳಿದ ಮಳೆನೀರು, ತೊಳೆಯುವಾಗ ನುಗ್ಗಿದ ನೀರು ಎಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಮಲಪ್ರಭೆ 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಬಂದಂಥ ಪ್ರವಾಹ ಕಾಲದಲ್ಲಿ ನೀರೊಳಗಿದ್ದ ಸೈಕಲ್ಲಿಗೆ ಹೊರಗಿನಿಂದ ಎಣ್ಣೆ ಹಾಕಿ ಪ್ರಯೋಜನವಿಲ್ಲ. ನದಿಯ ಗೋಡು ಒಳಗೆ ಸೇರಿ ಗ್ರೀಸನ್ನು ಕೆಸರು ಮಾಡಿರುತ್ತದೆ. ಬಿ.ಬಿ., ಎರಡೂ ಹಬ್, ಪೆಡಲ್ ಎಲ್ಲವನ್ನೂ ಬಿಚ್ಚಿ, ಚಿಮಣಿ ಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸ್ ತುಂಬಬೇಕು.

ಪರೀಕ್ಷೆಗೆ ಚೈನನ್ನು ಚಕ್ರದಿಂದ ಇಳಿಸಿ ಕ್ರ್ಯಾಂಕನ್ನು ಬರಿಗೈಯಲ್ಲಿ ತಿರುಗಿಸಬೇಕು. ಗರಗರ ಎಂದು ಕೈಗೆ ತಿಳಿದರೆ ಕಪ್ಪು ಅಥವಾ ಬಾಲ್ಸ್ ಹಾಳಾಗಿವೆ. ಕ್ರ್ಯಾಂಕ್ ಅಡ್ಡಡ್ಡಲಾಗಿ ಅಲುಗಾಡಿದರೆ ಎಡಗಡೆಯ ಕಪ್ಪು ಸಡಿಲಾಗಿದೆ. ಅದರ ಹೊರಗಿನ ರಿಂಗನ್ನು ಬಿಡಿಸಿ, ಕಪ್ಪನ್ನು ತುಸುವೇ ಬಿಗಿದು, ರಿಂಗನ್ನು ಮತ್ತೆ ಕಚ್ಚಿಸಬೇಕು. ಅಲುಗಾಟ ಹೋಗಿರಬೇಕು, ತಿರುಗುವುದು ಬಿಗಿಯಾಗಿರಬಾರದು. ಈ ನಡುವಣ ಹದ ಕೈಗೆ ಹತ್ತಲು ನಾಲ್ಕಾರು ಸೈಕಲ್ ಬಿಚ್ಚಿರಬೇಕು. ಒಂದೇ ಒಂದು ಗುಂಡು ಒಡೆದಿದ್ದರೂ ಅದೊಂದನ್ನೇ ಬದಲಿಸುವುದು ಜಿಪುಣತನ. ಉಳಿದವು ಸವೆದು ಅಳತೆಯಲ್ಲಿ ಚಿಕ್ಕವಾಗಿರುತ್ತವೆ, ಹೊಸದೊಂದರ ಮೇಲೆ ಭಾರವೆಲ್ಲ ಬಿದ್ದು ಅದೂ ಒಡೆಯುತ್ತದೆ. ಇಡೀ ಸೆಟ್ ಹಾಕುವುದೇ ಸರಿ. ಬಿ.ಬಿ.ಗೆ ಸಾಮಾನ್ಯವಾಗಿ ಕಾಲಿಂಚಿನ ಬಾಲ್ಸ್ ಹೊಂದುತ್ತವೆ.

ಬಿಚ್ಚುವವರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಸೈಕಲ್ಲಿನ ಈ ಭಾಗಗಳಲ್ಲಿ ಉಲ್ಟಾ ಥ್ರೆಡ್ ಮೂರು ಕಡೆ ಬರುತ್ತದೆ: ಎಡ ಪೆಡಲ್, ಬಿ.ಬಿ.ಯ ಬಲಗಡೆಯ ಕಪ್ಪು, ಫ್ರೀವೀಲ್‌ನ ಮುಚ್ಚಳದ ರಿಂಗು. ಇವನ್ನು ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ಎಡಕ್ಕೆ ತಿರುಗಿಸಿ, ಬರಲಿಲ್ಲವೆಂದು ಪಾನಾಕ್ಕೆ ಕೊಳವೆ ತೂರಿಸಿ ಇನ್ನೂ ಜಗ್ಗಿ ಕ್ರ್ಯಾಂಕಿನ ಥ್ರೆಡ್ ಕೆಡಿಸಿದವರು ಬಹಳ.

ಪೆಡಲ್‌ನ ಸದ್ದನ್ನು ಕಂಡುಹಿಡಿಯಲು ಸಮತಟ್ಟಾದ ಖಾಲಿ ರಸ್ತೆಯಲ್ಲಿ ಒಂದೇ ಕಾಲಿನಲ್ಲಿ ತುಳಿದು ನೋಡಿದರೆ ಸಾಕು. ಎಡಗಾಲಿನಲ್ಲಿ ಬಂದು ಬಲಗಾಲಿನಲ್ಲಿ ಬಾರದಿದ್ದರೆ ಎಡ ಪೆಡಲ್ ಅಥವಾ ಎಡ ಕ್ರ್ಯಾಂಕ್. ಪೆಡಲ್ ಬಿಚ್ಚಿ ಥ್ರೆಡ್ಡಿಗೆ ಗ್ರೀಸ್ ಸವರಿ ಮತ್ತೆ ಬಿಗಿದರೆ ಎಷ್ಟೋ ಕಟಕಟಗಳು ಹೋಗುತ್ತವೆ.

ಚೈನು

ಹಳೆಯ ಮಾದರಿಯ ಚೈನಿನ ಪ್ರತಿ ಕೊಂಡಿಯ ಅಳತೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಒಳ ಅಗಲ ಒಂದು ಇಂಚಿನ ಎಂಟನೇ ಒಂದು ಭಾಗ. ಚೈನು ಉದ್ದವಾಗಿದೆ ಎಂದು ಹೇಳುವುದುಂಟಾದರೂ ಅದರ ಪಟ್ಟಿಗಳು ಹಿಗ್ಗಿರುವುದಿಲ್ಲ. ಪಿನ್ನೂ ಬುಷ್ಷೂ ಒಂದನ್ನೊಂದು ತಿಂದು, ಪ್ರತಿ ಕೀಲಿನಲ್ಲೂ ಕೂದಲೆಳೆಯ ಸಡಿಲು ಸೇರಿ ಸೇರಿ ಒಟ್ಟು ಉದ್ದ ಬೆಳೆದಿರುತ್ತದೆ. ಶಾಲೆಯ ಉಕ್ಕಿನ ಸ್ಕೇಲಿನಿಂದಲೇ ಇದನ್ನು ಅಳೆಯಬಹುದು. ಒಂದು ಪಿನ್ನಿನ ನಡುವಿನಿಂದ ಎಣಿಸಿ 25ನೆಯ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು ಇದ್ದರೆ ಚೈನು ಹೊಸದರಂತಿದೆ. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಸವೆತ ಅರ್ಧ ಪ್ರತಿಶತ. ಗೇರ್ ಸೈಕಲ್ಲಿನಲ್ಲಿ ಬದಲಿಸುವ ಸಮಯ. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಒಂದು ಪ್ರತಿಶತ, ಆಗ ಗಟ್ಟಿ ಚೈನಿನ ಹಳೆಯ ಸೈಕಲ್ಲಿಗೂ ಹೊಸ ಚೈನು ಬೇಕು. ಅಷ್ಟರಲ್ಲಿ ಫ್ರೀವೀಲ್‌ನ ಹಲ್ಲುಗಳೂ ಕೊಕ್ಕೆಯಂತೆ ಬಾಗಿರುತ್ತವೆ. ಬಾಗಿದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಏರಿನಲ್ಲಿ ಖಡ್ ಎಂದು ಜಿಗಿಯುತ್ತದೆ. ತಡಮಾಡದೆ ಚೈನು ಬದಲಿಸುವುದು ಲಾಭ ಎನ್ನುವುದು ಇದಕ್ಕೇ. ಚೈನಿಗಿಂತ ಚೈನ್ ಚಕ್ರ ದುಬಾರಿ.

ತೊಳೆಯುವ ಕ್ರಮ ಹೀಗೆ. ಚೈನ್ ಲಾಕಿನ ಕ್ಲಿಪ್ಪನ್ನು ಇಕ್ಕಳದಿಂದ ಸರಿಸಿ ಚೈನು ಬಿಡಿಸಿಕೊಂಡು ಚಿಮಣಿ ಎಣ್ಣೆ ಅಥವಾ ಡೀಸೆಲ್ ತುಂಬಿದ ಡಬ್ಬಿಯಲ್ಲಿ ಅಲುಗಿಸಬೇಕು. ಕೆಸರೆಲ್ಲ ತಳಕ್ಕೆ ಇಳಿದ ಮೇಲೆ ಹೊಸ ಎಣ್ಣೆಯಲ್ಲಿ ಮತ್ತೊಮ್ಮೆ ಜಾಲಿಸಬೇಕು. ಬೆರಳ ನಡುವೆ ಹಿಡಿದು ಬಾಗಿಸಿದಾಗ ಕರಕರ ಎನ್ನುವುದು ನಿಂತರೆ ಮರಳು ಹೋಗಿದೆ. ಪೂರ್ತಿ ಒಣಗಿಸಿ, ಪ್ರತಿ ರೋಲರಿನ ಮೇಲೆ ಒಂದೊಂದೇ ತೊಟ್ಟು ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ತಿರುಗಿಸಿ, ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಎಣ್ಣೆ ಬೇಕಾದದ್ದು ಒಳಗಿನ ಪಿನ್ನಿಗೆ, ಹೊರಗಿನ ಪಟ್ಟಿಗಲ್ಲ. ಒರೆಸುವ ಈ ಕೊನೆಯ ಹೆಜ್ಜೆಯನ್ನು ಬಿಡುವವರೇ ಜಾಸ್ತಿ. ಬಾದಾಮಿ ಸೀಮೆಯಲ್ಲಿ ಚೈನಿನ ಆಯುಷ್ಯ ನಿಂತಿರುವುದೂ ಅದರ ಮೇಲೇ. ಮರಳಿ ಜೋಡಿಸುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೆ ಮುಂದಾಗಿರಬೇಕು. ತಿರುವುಮುರುವಾದರೆ ಏನಾದರೂ ತಾಗಿ ಕಳಚಿಕೊಳ್ಳುತ್ತದೆ.

ಯಾವ ಎಣ್ಣೆ ಎಂಬ ಪ್ರಶ್ನೆಗೆ ಅಡುಗೆಮನೆ ಉತ್ತರವಲ್ಲ. ಉತ್ತರ ಕರ್ನಾಟಕದಲ್ಲಿ ಸುಲಭವಾಗಿ ಸಿಗುವ ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು, ಬಣ್ಣದ ತಯಾರಿಕೆಯಲ್ಲಿ ಅದು ಬಳಕೆಯಾಗುವುದೂ ಈ ಗುಣದಿಂದಲೇ. ಚೈನಿಗೆ ಹಾಕಿದರೆ ಕೆಲವೇ ವಾರಗಳಲ್ಲಿ ಕೊಂಡಿಗಳು ಬಿಗಿಯುತ್ತವೆ. ಬಂಡಿಯ ಅಚ್ಚಿಗೆ ಔಡಲೆಣ್ಣೆ ಹಾಕಿದ ಅನುಭವದಿಂದ ಸೈಕಲ್ಲಿಗೂ ಅದನ್ನೇ ಹಾಕುವವರಿದ್ದರು. ಸಾವಕಾಶ ತಿರುಗುವ ಬಂಡಿಯ ಗಾಲಿಗೆ ಆ ದಪ್ಪ ಎಣ್ಣೆ ಸರಿ, ಚೈನಿನ ಸಂದಿಗೆ ಅದು ಇಳಿಯುವುದೇ ಇಲ್ಲ. ಮೋಟಾರುಗಳಿಂದ ಇಳಿಸಿದ ಕರಿ ಎಣ್ಣೆ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಮಸಿಯೂ ಲೋಹದ ಪುಡಿಯೂ ಇರುವುದರಿಂದ ಪುಕ್ಕಟೆಯೂ ಬೇಡ. ಹೊಲಿಗೆ ಯಂತ್ರದ ತೆಳು ಎಣ್ಣೆ ಫ್ರೀವೀಲ್‌ಗೆ ಉತ್ತಮ, ಚೈನಿಗೆ ಬೇಗ ಆರಿಹೋಗುತ್ತದೆ. ಹೊಸ ಎಂಜಿನ್ ಆಯಿಲ್ ಕೆಲವೇ ತೊಟ್ಟು ಬಿಟ್ಟು ಚೆನ್ನಾಗಿ ಒರೆಸಿದರೆ ಸಾಕಷ್ಟು ಕಾಲ ನಡೆಯುತ್ತದೆ. ಒಣಧೂಳಿನ ಈ ನೆಲಕ್ಕೆ ಎಲ್ಲಕ್ಕಿಂತ ಒಪ್ಪುವುದು ಮೇಣ. ಪೂರ್ತಿ ತೊಳೆದು ಒಣಗಿಸಿದ ಚೈನನ್ನು ಕರಗಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿ ತೆಗೆದರೆ ಒಳಗೆ ಸೇರಿದ ಮೇಣ ಗಟ್ಟಿಯಾಗುತ್ತದೆ, ಹೊರಮೈಗೆ ಧೂಳು ಅಂಟುವುದಿಲ್ಲ. ಮೇಣವನ್ನು ನೇರ ಬೆಂಕಿಯ ಮೇಲಲ್ಲ, ಕುದಿಯುವ ನೀರಿನಲ್ಲಿಟ್ಟ ಪಾತ್ರೆಯಲ್ಲಿ ಕರಗಿಸಬೇಕು. ಮಳೆಯಲ್ಲಿ ನೆನೆದರೆ ಮತ್ತೆ ಅದ್ದಬೇಕಾದೀತು.

ಒಂದೇ ಕೊಂಡಿ ಬಿಗಿದು ಟಕ್ ಎನ್ನುತ್ತಿದ್ದರೆ ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಫ್ರೀವೀಲ್ ಬಿಟ್ಟು ಹೊರಬರುವ ಕೊಂಡಿಗಳನ್ನು ಗಮನಿಸಬೇಕು. ನೆಟ್ಟಗಾಗದೆ ಸೊಟ್ಟಗೆ ಉಳಿದದ್ದೇ ಅಪರಾಧಿ. ಎಣ್ಣೆ ಬಿಟ್ಟು ಅಕ್ಕಪಕ್ಕಕ್ಕೆ ಮೆಲ್ಲಗೆ ಬಾಗಿಸಿದರೆ ಸಡಿಲಾಗುತ್ತದೆ. ಚೈನಿನ ಬಿಗಿತವನ್ನೂ ನೋಡಬೇಕು. ಚೈನ್ ಚಕ್ರ ಎಷ್ಟೋ ಸಲ ನಿಜವಾದ ವೃತ್ತವಾಗಿರುವುದಿಲ್ಲ, ಒಂದು ಕಡೆ ಚೈನು ಬಿಗಿ, ಇನ್ನೊಂದು ಕಡೆ ಜೋಲು. ಅತಿ ಬಿಗಿಯಾದ ಸ್ಥಾನದಲ್ಲಿ ಚೈನು ಮೇಲೆ ಕೆಳಗೆ ಅರ್ಧ ಇಂಚು ಆಡುವಂತೆ ಹಿಂಗಾಲಿಯನ್ನು ಅದರ ಸೀಳಿನಲ್ಲಿ ಸರಿಸಿ ನಟ್ಟು ಬಿಗಿಯಬೇಕು. ಅದಕ್ಕಿಂತ ಬಿಗಿಯಾದರೆ ಹಬ್ ಮತ್ತು ಬಿ.ಬಿ. ನರಳುತ್ತವೆ, ಸಡಿಲಾದರೆ ಚೈನು ಕವರಿಗೆ ಬಡಿಯುತ್ತದೆ.

ಫ್ರೀವೀಲ್

ಇದರೊಳಗೆ ಸ್ಪ್ರಿಂಗಿನಿಂದ ಎದ್ದುನಿಲ್ಲುವ ಪುಟ್ಟ ಕೊಕ್ಕೆಗಳು ಒಳಹಲ್ಲುಗಳಿಗೆ ಸಿಕ್ಕಿ ಗಾಲಿಯನ್ನು ತಳ್ಳುತ್ತವೆ, ತುಳಿಯದಿದ್ದಾಗ ಹಲ್ಲಿನ ಮೇಲೆ ಜಾರುತ್ತ ಟಿಕಟಿಕ ಎನ್ನುತ್ತವೆ. ಈ ಟಿಕಟಿಕ ಕಾಯಿಲೆಯಲ್ಲ. ಅದು ನಿಂತುಹೋಗಿ, ತುಳಿದಾಗ ಪೆಡಲ್ ಒಮ್ಮೊಮ್ಮೆ ಬರಿದೆ ತಿರುಗಿದರೆ ಕಾಯಿಲೆ. ಹಳೆ ಎಣ್ಣೆ ಗಟ್ಟಿಯಾಗಿ ಕೊಕ್ಕೆಗಳು ಮಲಗಿಬಿಟ್ಟಿರುತ್ತವೆ. ಫ್ರೀವೀಲ್‌ಗೆ ಗ್ರೀಸ್ ತುಂಬಬಾರದು ಎನ್ನುವುದು ಈ ಕಾರಣಕ್ಕೆ. ಸೈಕಲ್ಲನ್ನು ಮಲಗಿಸಿ, ಸಂದಿಯಿಂದ ಚಿಮಣಿ ಎಣ್ಣೆ ಬಿಟ್ಟು ತಿರುಗಿಸಿ, ಕಪ್ಪು ನೀರು ಇಳಿದುಹೋದ ಮೇಲೆ ತೆಳು ಎಣ್ಣೆ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಬಿಚ್ಚಿದರೆ ಒಳಗಿನ ಸಣ್ಣ ಬಾಲ್ಸ್ ನೆಲದ ಪಾಲಾಗುವ ಸಂಭವವೇ ಹೆಚ್ಚು. ಇಡೀ ಫ್ರೀವೀಲ್ ಬದಲಿಸುವುದು ಅಗ್ಗ.

ಗೇರ್ ಮತ್ತು ಸ್ಪರ್ಧೆಯ ಸೈಕಲ್

ಗೇರ್ ಸೈಕಲ್ಲಿನ ಕಟಕಟದಲ್ಲಿ ಹೆಚ್ಚಿನದು ತಂತಿಯ ಬಿಗಿತದ್ದು. ತಂತಿ ಹೊಸದರಲ್ಲಿ ತುಸು ಸಡಿಲವಾಗಿ, ಚೈನು ಒಂದು ಹಲ್ಲುಚಕ್ರದ ಮೇಲೆ ಕೂರದೆ ಪಕ್ಕದ್ದಕ್ಕೆ ಉಜ್ಜುತ್ತದೆ. ತಂತಿ ತುದಿಯ ತಿರುಪನ್ನು ಅರ್ಧರ್ಧ ಸುತ್ತು ಬಿಚ್ಚುತ್ತ ಹೋದರೆ ತಂತಿ ಬಿಗಿಯಾಗಿ ಸದ್ದು ನಿಲ್ಲುವ ಜಾಗ ಸಿಗುತ್ತದೆ. ಸೈಕಲ್ ಬಲಮಗ್ಗುಲಿಗೆ ಬಿದ್ದಿದ್ದರೆ ಗೇರಿನ ಕೊಕ್ಕೆಯೇ ಒಳಕ್ಕೆ ಬಾಗಿರಬಹುದು, ಆಗ ತಂತಿ ತಿರುವಿ ಫಲವಿಲ್ಲ.

ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳು ರಾಜ್ಯಕ್ಕೆ ಅನೇಕ ಸೈಕ್ಲಿಂಗ್ ಪಟುಗಳನ್ನು ಕೊಟ್ಟಿವೆ. ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆಯ ಸೈಕ್ಲಿಂಗ್ ಕ್ರೀಡಾ ನಿಲಯಗಳೂ ಇಲ್ಲಿವೆ. ಟ್ರ್ಯಾಕ್ ಸ್ಪರ್ಧೆಯ ಸೈಕಲ್ಲಿಗೆ ಫ್ರೀವೀಲ್ ಇರುವುದಿಲ್ಲ, ಗಾಲಿ ತಿರುಗಿದಷ್ಟೂ ಪೆಡಲ್ ತಿರುಗುತ್ತದೆ. ತುಳಿಯುವುದನ್ನು ನಿಲ್ಲಿಸಿ ಕೇಳುವ ಪರೀಕ್ಷೆ ಅದಕ್ಕೆ ಸಲ್ಲದು. ಹಿಂಗಾಲಿಯನ್ನು ಎತ್ತಿ ನಿಲ್ಲಿಸಿ, ಚೈನು ಇಳಿಸಿ, ಗಾಲಿಯನ್ನೂ ಕ್ರ್ಯಾಂಕನ್ನೂ ಬೇರೆ ಬೇರೆಯಾಗಿ ತಿರುಗಿಸಿ ಕೇಳಬೇಕು. ಚೈನಿನ ಬಿಗಿತದಲ್ಲಿ ಇಲ್ಲಿ ಔದಾರ್ಯ ಸಲ್ಲದು. ಸಾಧಾರಣ ಸೈಕಲ್ಲಿನಲ್ಲಿ ಚೈನು ಕಳಚಿದರೆ ಇಳಿದು ಹಾಕಿಕೊಂಡರಾಯಿತು. ಟ್ರ್ಯಾಕ್ ಸೈಕಲ್ಲಿನಲ್ಲಿ ಬ್ರೇಕ್ ಕೂಡ ಇರುವುದಿಲ್ಲವಾದ್ದರಿಂದ, ಅಲ್ಲಿ ಚೈನು ಕಳಚಿದರೆ ನಿಲ್ಲಿಸುವ ಸಾಧನವೇ ಹೋದಂತೆ. ಅದಕ್ಕಾಗಿ ಪ್ರತಿ ಅಭ್ಯಾಸಕ್ಕೂ ಮುನ್ನ ಹಿಂಗಾಲಿಯ ನಟ್ಟು ಮತ್ತು ಚೈನಿನ ಜೋಲನ್ನು ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕು.